ಅಪ್ಪನ ಎಂಟು ಸೆಕೆಂಡು

ಸತ್ತವರ ಮಾತಿಗೆ ಬೆಲೆ ಕೊಟ್ಟು ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತವನನ್ನು ಏನೆಂದು ಕರೆಯಬೇಕು? ಪೆದ್ದ ಅನ್ನಬಹುದು. ಸುಮೇಧಾ ಮೊದಲು ಅಂದುಕೊಂಡದ್ದೂ ಅದನ್ನೇ.

ಪೊಂಗಲ್ ಕಳೆದ ಮೊದಲ ಭಾನುವಾರ ಅದು. ಅಡ್ಯಾರಿನ ಮನೆಯಲ್ಲಿ ಹುಳಿಗೆ ಕರಿಬೇವಿರಲಿಲ್ಲ. ತರೋಣವೆಂದು ಬಾಗಿಲು ತೆಗೆದರೆ ಎದುರಿಗೇ ಒಬ್ಬ ಎತ್ತರದ ಗಂಡಸು. ಕಾಲಲ್ಲಿ ಬರೀ ಸಾಕ್ಸು. ಶೂಗಳನ್ನು ಆಗಲೇ ಬಿಚ್ಚಿ ಗೋಡೆ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ.

“ಯಾರ್ ವೇಣುಂ ಉಂಗಳುಕ್ಕು?” ಯಾರು ಬೇಕೆಂದು ತಮಿಳಿನಲ್ಲೇ ಕೇಳಿದಳು.

“ಹರಿದಾಸ್ ಸರ್ ಅವ್ರನ್ನ ನೋಡಬೇಕಿತ್ರಿ,” ಎಂದ ಅವನು, ಶುದ್ಧ ಗದಗಿನ ಕಡೆಯ ಕನ್ನಡದಲ್ಲಿ. “ಬಂದೆ, ಒಂದು ನಿಮಿಷ ಇರಿ ಅಂದ್ರು. ಅದಕ್ಕ ನಿಂತೀನಿ.”

“ನಿಂತು ಎಷ್ಟೊತ್ತಾಯ್ತು?”

“ಇಪ್ಪತ್ತು ನಿಮಿಷ ಆಗಿರಬೇಕ್ರಿ. ಹಿರೇರು, ಸಾವಕಾಶ ಬರ್ಲಿ ಅಂತ ನಾನೂ ಸುಮ್ಮನಿದ್ದೆ.”

“ಅವರು ನಮ್ಮಪ್ಪ. ತೀರಿಕೊಂಡು ಮೂರು ವರ್ಷ ಆಯ್ತು.”

ಅವನ ಮುಖ ನೋಡಬೇಕಿತ್ತು! ಬಾಗಿಲು, ಅವಳು, ಮತ್ತೆ ಬಾಗಿಲು, ಹೀಗೆ ಕಣ್ಣು ಎರಡು ಸುತ್ತು ಹೊಡೆದು ಬಂತು. “ಮತ್ತ ಈಗ ಒಳಗಿಂದ ಮಾತಾಡಿದ್ದು ಯಾರ್ರಿ?”

“ಅದು ಬೆಲ್ಲು,” ಎಂದಳು. ಮಿಕ್ಸಿ ಸದ್ದಿನಲ್ಲಿ ಅವಳಿಗದು ಕೇಳಿಸಿರಲಿಲ್ಲ. ನಗಬಾರದು ಎಂದುಕೊಂಡೇ ನಕ್ಕುಬಿಟ್ಟಳು.

ಬೆಲ್ಲಿನ ಕಥೆ ಇಷ್ಟು. ಹರಿದಾಸರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಅವರು ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಅದರ ಮೇಲೆ ತಿಕ್ಕಲು ಬೇರೆ. ತೊಂಬತ್ತೆರಡರಲ್ಲಿ ಒಂದು ಮೆಮೊರಿ ಚಿಪ್ಪಿಗೆ ತಮ್ಮ ಧ್ವನಿಯನ್ನೇ ತುಂಬಿಸಿ ಬಾಗಿಲ ಬೆಲ್ಲು ಮಾಡಿದರು. ಒತ್ತಿದರೆ, “ಇದೋ ಬಂದೆ, ಬಂದೆ… ಒಂದು ನಿಮಿಷ ಇರಿ” ಅನ್ನುತ್ತಿತ್ತು. ಚಿಪ್ಪಿನಲ್ಲಿ ಹಿಡಿಯುತ್ತಿದ್ದುದೇ ಎಂಟು ಸೆಕೆಂಡು. ಕೊನೆಗೆ ಕರಕರ ಅಂತ ಏನೋ ಸದ್ದು ಬಂದು ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು.

ಎರಡು ಸಾವಿರದ ಹದಿನೈದನೇ ಇಸವಿಯ ನೆರೆ ಮನೆಗೆ ನುಗ್ಗಿದಾಗ ಕ್ಯಾಸೆಟ್ಟು, ಮದುವೆ ವಿಡಿಯೊ, ಹಳೆಯ ಫೋನು ಎಲ್ಲವೂ ಕೆಸರಾಯಿತು. ಬೆಲ್ಲು ಗೋಡೆಯ ಮೇಲೆ ಎತ್ತರದಲ್ಲಿದ್ದದ್ದರಿಂದ ಉಳಿಯಿತು. ಮರುವರ್ಷವೇ ಅಪ್ಪನಿಗೆ ಗಂಟಲಿನ ಕ್ಯಾನ್ಸರ್. ಆಪರೇಷನ್ ಆದಮೇಲೆ ಧ್ವನಿ ಪೂರಾ ಹೋಯಿತು. ಸಾಯುವವರೆಗೂ ಸ್ಲೇಟಿನ ಮೇಲೆ ಬರೆದೇ ಮಾತಾಡಿದರು. ಹೀಗಾಗಿ ಹರಿದಾಸರ ಮಾತು ಅಂತ ಈ ಭೂಮಿಯ ಮೇಲೆ ಉಳಿದದ್ದು ಬಾಗಿಲ ಮೇಲಿನ ಆ ಎಂಟು ಸೆಕೆಂಡು ಮಾತ್ರ.

ಸುಮೇಧಾಳ ಅಮ್ಮ ಜಾನಕಮ್ಮ ದೇವಸ್ಥಾನದಿಂದ ಬಂದಾಗ ಸೊಂಟದಲ್ಲಿ ಬೀಗದ ಕೈ ಇದ್ದರೂ ಬೆಲ್ಲು ಒತ್ತುತ್ತಿದ್ದರು. ಪೂರ್ತಿ ಕೇಳುತ್ತಿದ್ದರು. ಆಮೇಲೆ ತಾವೇ ಬೀಗ ತೆಗೆದುಕೊಂಡು ಒಳಗೆ ಬರುತ್ತಿದ್ದರು.

ಬಂದವನ ಹೆಸರು ಶಿವರಂಜನ್. ವಯಸ್ಸು ಮೂವತ್ತೈದು. ಪೆರಂಬೂರಿನ ಹತ್ತಿರ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಳೆಯ ಲೇತ್ ಮೆಷಿನ್ನುಗಳ ಕಂಟ್ರೋಲ್ ಬೋರ್ಡು ರಿಪೇರಿ ಮಾಡುತ್ತಿದ್ದ. ಆ ಮೆಷಿನ್ನುಗಳ ಬುದ್ಧಿಯೆಲ್ಲ ಇರುವುದು ಹಳೆಯ ಕಾಲದ ಮೆಮೊರಿ ಚಿಪ್ಪಿನಲ್ಲಿ. ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಚಿಪ್ಪುಗಳು ಅವು. ಆ ಕಿಟಕಿಯೊಳಗೆ ತಕ್ಕ ಬೆಳಕು ಬಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಈಗ ಅವನ್ನು ಯಾರೂ ತಯಾರಿಸುವುದಿಲ್ಲ. ಅಡ್ಯಾರಿನ ಹರಿದಾಸ್ ಸರ್ ಮನೆಯಲ್ಲಿ ಒಂದು ಬೀರು ತುಂಬ ಇವೆ ಅಂತ ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಯಾರೋ ಹೇಳಿದ್ದರು.

“ಇವೆ,” ಎಂದಳು ಸುಮೇಧಾ. “ಆದ್ರೆ ಎಲ್ಲದರಲ್ಲೂ ಏನೇನೋ ತುಂಬಿದೆ. ಅಳಿಸಿದ್ರೆ ತಾನೇ ಹೊಸದು ಬರೆಯೋಕಾಗೋದು. ಅಳಿಸೋ ಪೆಟ್ಟಿಗೆ ಅಪ್ಪನ ಜೊತೇಲೇ ಹೋಯ್ತು.”

“ಪೆಟ್ಟಿಗಿ ನಾವ ಮಾಡೂಣ್ರಿ.”

ಆ ‘ನಾವ’ ಕೇಳಿ ಅವಳ ಹುಬ್ಬು ಮೇಲೇರಿತು. ಬಂದು ಅರ್ಧ ಗಂಟೆ ಆಗಿಲ್ಲ, ನಾವಂತೆ!

ಒಳಗಿನಿಂದ ಜಾನಕಮ್ಮ ಕೂಗಿದರು. “ಯಾರದು ಸುಮೀ? ಕನ್ನಡದವರ ಹಾಗಿದೆ. ಉಂಡ್ಬಿಟ್ಟು ಹೋಗಕ್ಕೆ ಹೇಳು. ಸುಮ್ಮಾ ನಿಲ್ಲಿಸ್ಕೊಂಡಿದೀಯೇ?”

ಅಂದು ಕರಿಬೇವಿಲ್ಲದ ಹುಳಿ ಉಂಡವನು ಮುಂದಿನ ಭಾನುವಾರವೂ ಬಂದ. ಅದರ ಮುಂದಿನದಕ್ಕೂ ಬಂದ.

ಸುಮೇಧಾ ಶಾಲೆಯಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಮೂವತ್ಮೂರು ವಯಸ್ಸು. ಬಂದ ಸಂಬಂಧಗಳಿಗೆಲ್ಲ ‘ಅಪ್ಪನನ್ನ ಬಿಟ್ಟು ಹೇಗೆ ಬರಲಿ’ ಅಂದು, ಅಪ್ಪ ಹೋದಮೇಲೆ ‘ಅಮ್ಮನನ್ನ ಬಿಟ್ಟು ಹೇಗೆ ಬರಲಿ’ ಅಂದು ಹಾಗೇ ಉಳಿದಿದ್ದಳು. ಇವನೋ, ಯಾರನ್ನೂ ಎಲ್ಲಿಗೂ ಕರೆಯದೆ ತಾನೇ ಬಂದು ಕೂರುವವನು. ಅಂಥವನಿಗೆ ಏನು ನೆಪ ಹೇಳುವುದು?

ಎರಡನೇ ವಾರ ಅವನು ನೇರಳೆ ಬಣ್ಣದ ಒಂದು ದೀಪ ತಂದ. ಚಿಪ್ಪುಗಳನ್ನು ಅದರಡಿ ಮೂರು ಗಂಟೆ ಇಟ್ಟು ಕಾದರು. ಒಂದಕ್ಷರ ಅಳಿಸಲಿಲ್ಲ.

“ಇದು ಮದುವೆ ಮನೆ ಡಾನ್ಸಿಗೆ ಹಾಕೋ ಲೈಟು,” ಎಂದಳು ಸುಮೇಧಾ. “ಕಣ್ಣಿಗೆ ಕಾಣೋ ನೇರಳೆ ಬಣ್ಣದಿಂದ ಏನೂ ಆಗಲ್ಲ. ನಮಗೆ ಬೇಕಾಗಿರೋದು ಕಣ್ಣಿಗೆ ಕಾಣದ ಕಿರಣ. ನೀರಿನ ಫಿಲ್ಟರ್ ಒಳಗೆ ಕ್ರಿಮಿ ಕೊಲ್ಲಕ್ಕೆ ಹಾಕಿರ್ತಾರಲ್ಲ, ಆ ಯೂವಿ ಟ್ಯೂಬು.”

“ಮೊದಲ ಹೇಳಬಾರ್ದೇನ್ರಿ?”

“ನೀವು ಮೂರು ಗಂಟೆ ಕೂತ್ಕೊಳ್ಳಿ ಅಂತ ಹೇಳ್ಲಿಲ್ಲ.”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಡಾನ್ಸಿನ ಲೈಟನ್ನು ನಿಧಾನವಾಗಿ, ತೀರಾ ನಿಧಾನವಾಗಿ ಬ್ಯಾಗಿಗೆ ಹಾಕಿಕೊಂಡ. ತುಟಿಯ ಒಂದು ಅಂಚು ಮಾತ್ರ ನಗುತ್ತಿತ್ತು.

ಜಾನಕಮ್ಮನ ಮುರುಕ್ಕಿನ ದೊಡ್ಡ ಸ್ಟೀಲ್ ಡಬ್ಬ ಪೆಟ್ಟಿಗೆಯಾಯಿತು. ಒಳಗೆಲ್ಲ ಅಲ್ಯೂಮಿನಿಯಂ ಹಾಳೆ ಅಂಟಿಸಿದರು. ಮುಚ್ಚಳದ ಕೆಳಗೆ ಟ್ಯೂಬು, ಡಬ್ಬದ ಬೆನ್ನಿಗೆ ಚೋಕು. ಮುಚ್ಚಳ ಎತ್ತಿದರೆ ದೀಪ ತಾನೇ ಆರುವ ಹಾಗೆ ಒಂದು ಸ್ವಿಚ್ಚು. ಚಿಪ್ಪುಗಳನ್ನು ಕಿಟಕಿ ಮೇಲ್ಮುಖ ಮಾಡಿ ಟ್ಯೂಬಿಗೆ ಒಂದಿಂಚು ದೂರದಲ್ಲಿ ತಟ್ಟೆಯಲ್ಲಿ ಜೋಡಿಸಬೇಕು. ಇಪ್ಪತ್ತು ನಿಮಿಷ ಸಾಕು. ಗಡಿಯಾರ ಯಾಕೆ ಬೇಕು? ಜಾನಕಮ್ಮ ದಿನಾ ಬೆಳಿಗ್ಗೆ ಹೇಳುವ ಸ್ತೋತ್ರ ಸರಿಯಾಗಿ ಇಪ್ಪತ್ತೆರಡು ನಿಮಿಷ. ಅವರು ದೇವರ ಮುಂದೆ ಕೂತರೆ ಇವರು ಸ್ವಿಚ್ಚು ಹಾಕುವರು. ಅವರು ಎದ್ದರೆ ಇವರು ಆರಿಸುವರು.

“ನಮ್ಮನ್ಯಾಗ ವಚನ ಹೇಳ್ತಾರ್ರಿ,” ಎಂದ ಶಿವರಂಜನ್. “ಎಷ್ಟು ವಚನಕ್ಕ ಒಂದು ತಟ್ಟಿ ಅಳಿಸ್ತದೋ ನೋಡಬೇಕು.”

“ಇಬ್ಬರೂ ಹೇಳಿದ್ರೆ ಹತ್ತೇ ನಿಮಿಷದಲ್ಲಿ ಆಗ್ಬಿಡತ್ತೇನೋ ಕಣಪ್ಪಾ,” ಎಂದರು ಜಾನಕಮ್ಮ. ಆ ಮಾತಿನಲ್ಲಿ ಬೇರೆ ಏನೋ ಇತ್ತು. ಸುಮೇಧಾಳ ಕಿವಿ ಬಿಸಿಯಾಯಿತು.

ಅವನು ನೋಡುವ ರೀತಿಯೇ ಬೇರೆ. ನೆಟ್ಟಗೆ ಕಣ್ಣಿಗೆ ಬರುವುದಿಲ್ಲ. ಮೊದಲು ಅವಳ ಕೈಯಲ್ಲಿನ ಸ್ಕ್ರೂಡ್ರೈವರ್, ಆಮೇಲೆ ಬಳೆ, ಆಮೇಲೆ ಮೊಣಕೈಗೆ ಅಂಟಿದ ಹಾಳೆಯ ಚೂರು, ಕೊನೆಗೆ ಕಣ್ಣು. ಅಷ್ಟು ದೂರ ಸುತ್ತಿ ಬರುವಷ್ಟರಲ್ಲಿ ಇವಳು ಆಗಲೇ ಕಾದು ಕೂತಿರುತ್ತಿದ್ದಳು.

“ಮುಚ್ಚಳದ ಸಂದೀಲಿ ಬರೋ ಆ ಬೆಳಕು ನೋಡ್ಬೇಡಿ. ಕಣ್ಣು ಸುಟ್ಟೋಗತ್ತೆ,” ಎಂದು ಗದರಿಸಿದಳೊಮ್ಮೆ.

“ಬೆಳಕು ನೋಡಾಕತ್ತಿಲ್ರಿ.”

“ಮತ್ತೇನು ನೋಡ್ತಿದೀರಿ?”

“ಅದನ್ನೂ ನೋಡಬಾರ್ದೇನ್ರಿ?”

ಸುಮೇಧಾ ಮುಚ್ಚಳ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದಳು. ಸರಿಯಾಗಿಯೇ ಇದ್ದ ಮುಚ್ಚಳವನ್ನು ಮೂರು ಸಲ ಸರಿ ಮಾಡಿದಳು.

ಅವನಿಗೆ ಇನ್ನೊಂದು ಚಾಳಿಯಿತ್ತು. ಬಂದಾಗಲೆಲ್ಲ ಬೆಲ್ಲು ಒತ್ತಿ, ‘ಒಂದು ನಿಮಿಷ ಇರಿ’ ಅಂದಾಗ ಬಾಗಿಲಿಗೇ ಉತ್ತರ ಕೊಡುತ್ತಿದ್ದ. “ಇರ್ತೀನಿ ಸರ್, ಅವಸರ ಇಲ್ಲ.” ಒಮ್ಮೆ ಊಟದ ಹೊತ್ತಿನಲ್ಲಿ ಹರಿದಾಸರ ಹಾಗೆಯೇ ಗಂಟಲು ತಗ್ಗಿಸಿ, “ಇದೋ ಬಂದೆ, ಬಂದೆ…” ಎಂದ. ಜಾನಕಮ್ಮ ಅನ್ನದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮನೆಯಲ್ಲಿ ಅಷ್ಟು ನಗು ಬಹಳ ವರ್ಷದಿಂದ ಇರಲಿಲ್ಲ.

ಕೆಲಸದಲ್ಲಿ ಮಾತ್ರ ಶಿವರಂಜನ್ ಕಟ್ಟುನಿಟ್ಟು. ಯಾವ ಚಿಪ್ಪನ್ನೂ ಓದದೆ ಅಳಿಸುತ್ತಿರಲಿಲ್ಲ. ಒಂದೊಂದನ್ನೂ ಲ್ಯಾಪ್‌ಟಾಪಿಗೆ ಓದಿಸಿ, ಕಾಪಿ ಇಟ್ಟುಕೊಂಡು, ಆಮೇಲೇ ಡಬ್ಬಕ್ಕೆ ಹಾಕುವುದು. ಮೊದಲ ಐವತ್ತು ಚಿಪ್ಪುಗಳನ್ನು ಹಾಗೇ ಮಾಡಿದ. ಎಲ್ಲದರಲ್ಲೂ ಕೆಲಸಕ್ಕೆ ಬಾರದ ಕಸವೇ ಇತ್ತು. ಏಪ್ರಿಲ್ ಹೊತ್ತಿಗೆ, ಸುಮೇಧಾಳಿಗೆ ಹೇಳದೆ, ಓದುವುದನ್ನು ಬಿಟ್ಟ. ಬೇಗ ಮುಗಿಸಿದರೆ ಸಂಜೆ ಇಬ್ಬರೂ ಬೀಚಿಗೆ ಹೋಗಬಹುದಿತ್ತಲ್ಲ, ಅದಕ್ಕೆ.

ಏಪ್ರಿಲಿನ ಎರಡನೇ ಭಾನುವಾರ. ಬೆಲ್ಲು ಯಾಕೋ ತೊದಲುತ್ತಿತ್ತು. “ಬಂದೆ, ಬಂದೆ, ಬಂದೆ” ಅಂತ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಚಿಪ್ಪಿನ ಕಾಲುಗಳಿಗೆ ಮೂವತ್ತು ವರ್ಷದ ಕಿಲುಬು. ಸುಮೇಧಾ ಬೆಳಿಗ್ಗೆಯೇ ಸ್ಟೂಲು ಹತ್ತಿ ಅದನ್ನು ಬಿಚ್ಚಿ, ರಬ್ಬರಿನಿಂದ ಕಾಲುಗಳನ್ನು ಉಜ್ಜಿದಳು. ಕಿಟಕಿಗೆ ಅಪ್ಪ ಅಂಟಿಸಿದ್ದ ಲೇಬಲ್ಲು ಒಣಗಿ ಉದುರಿಹೋಯಿತು. ಚಿಪ್ಪನ್ನು ಮೇಜಿನ ಮೇಲೆ, ಪೇಪರಿನ ಮೇಲಿಟ್ಟು ಕೈ ತೊಳೆಯಲು ಹೋದಳು. ಪಕ್ಕದಲ್ಲೇ ಅಳಿಸಬೇಕಾದ ಚಿಪ್ಪುಗಳ ತಟ್ಟೆಯಿತ್ತು.

ಜಾನಕಮ್ಮ ದೇವರ ಮುಂದೆ ಕೂತರು. ಶಿವರಂಜನ್ ಅವಸರವಾಗಿ ತಟ್ಟೆ ಜೋಡಿಸಿದ. ಪೇಪರಿನ ಮೇಲೊಂದು ಉಳಿದದ್ದು ಕಂಡಿತು. ಎತ್ತಿ ತೋರಿಸಿದ.

“ಇದೂ ಹಾಕ್ಲೇನ್ರಿ?”

ಸುಮೇಧಾ ಅಡಿಗೆಮನೆಯ ಬಾಗಿಲಿನಿಂದ ನೋಡಿದಳು. ಯಾವ ಚಿಪ್ಪೆಂದು ಗೊತ್ತಾಯಿತು.

“ಇರ್ಲಿ, ಇರ್ಲಿ,” ಎಂದಳು.

ನೋಡಿ, ನಮ್ಮ ಭಾಷೆಯಲ್ಲಿ ಇಂಥ ಒಂದು ಮಾತಿದೆ. ಇರ್ಲಿ ಅಂದರೆ ಅಲ್ಲೇ ಇರಲಿ, ಮುಟ್ಟಬೇಡಿ ಅಂತ ಅವಳ ಅರ್ಥ. ಇರ್ಲಿ ಅಂದರೆ ಅದೂ ಒಂದು ಇರಲಿ, ಹಾಕಿ ಅಂತ ಅವನ ಅರ್ಥ. ಇಬ್ಬರದೂ ಕನ್ನಡವೇ. ಇಬ್ಬರದೂ ಸರಿಯೇ. ತಮಿಳಿನಲ್ಲಿ ‘ವೇಂಡಾಂ’ ಅಂದಿದ್ದರೂ ಆಗುತ್ತಿತ್ತು, ಇಂಗ್ಲಿಷಿನಲ್ಲಿ ‘ನೋ’ ಅಂದಿದ್ದರೂ ಆಗುತ್ತಿತ್ತು. ಅವನೊಡನೆ ಕನ್ನಡದಲ್ಲೇ ಮಾತಾಡುವುದು ಅವಳಿಗೆ ಇಷ್ಟವಾಗಿತ್ತು.

ಸ್ವಿಚ್ಚು ಬಿತ್ತು. ಜಾನಕಮ್ಮ ಕಣ್ಣು ಮುಚ್ಚಿ ಸ್ತೋತ್ರ ಹೇಳಿದರು, ಒಂದಕ್ಷರ ತಪ್ಪದ ಹಾಗೆ, ಇಪ್ಪತ್ತೆರಡು ನಿಮಿಷ. ಸುಮೇಧಾ ಕಾಫಿ ಮಾಡಿದಳು.

“ಪೇಪರ್ ಮೇಲಿದ್ದ ಚಿಪ್ ಎಲ್ಲಿ?” ಎಂದು ಅವಳು ಕೇಳಿದಾಗ ಅವನು ಲೋಟ ಎತ್ತಿಕೊಳ್ಳುತ್ತಿದ್ದ.

“ಹಾಕಿದ್ನೆಲ್ರಿ. ಇರ್ಲಿ ಅಂದ್ರಿ.”

ಸುಮೇಧಾ ಡಬ್ಬದ ಮುಚ್ಚಳ ತೆಗೆದಳು. ತಟ್ಟೆ ಎಳೆದಳು. ಇಪ್ಪತ್ತಾರು ಚಿಪ್ಪುಗಳು, ಎಲ್ಲವೂ ಒಂದೇ ಥರ, ಎಲ್ಲವೂ ಖಾಲಿ. ಅವುಗಳಲ್ಲಿ ಅಪ್ಪ ಯಾವುದೆಂದು ಕಾಲುಗಳ ಹೊಳಪು ನೋಡಿ ಹುಡುಕಬೇಕಾಯಿತು. ಸಿಕ್ಕಿದ್ದನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟಳು.

“ಅದು ಬೆಲ್ಲಿನದು,” ಎಂದಳು. “ಅಪ್ಪಂದು.”

ಶಿವರಂಜನ್ ಲೋಟ ಕೆಳಗಿಟ್ಟ.

“ಓದಿಟ್ಕೊಂಡಿದೀರಲ್ಲ? ಯಾವಾಗ್ಲೂ ಓದೇ ಹಾಕ್ತೀರಲ್ಲ ನೀವು? ಇದೆ ಅಲ್ವಾ ಕಾಪಿ?” ಅವನ ಶರ್ಟಿನ ತೋಳು ಹಿಡಿದಿದ್ದಳು. ಅವಳ ಮುಖವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ಐತ್ರಿ,” ಎಂದ. “ಬ್ಯಾಕಪ್ ಐತಿ. ಅಂಜಬ್ಯಾಡ್ರಿ. ವಾರದಾಗ ತುಂಬಿಸ್ಕೊಂಡು ಬರ್ತೀನಿ.”

ಸುಮೇಧಾ ಅತ್ತಳು. ಅವನ ತೋಳಿಗೆ ಹಣೆಯಿಟ್ಟುಕೊಂಡೇ ಅತ್ತಳು.

ಆರನೇ ದಿನಕ್ಕೆ ಅವನು ಚಿಪ್ಪು ತಂದ. ಸ್ಟೂಲು ಹತ್ತಿ ಕೂರಿಸಿದ. ಸುಮೇಧಾ ಹೊರಗೆ ನಿಂತು ಗುಂಡಿ ಒತ್ತಿದಳು.

“ಇದೋ ಬಂದೆ, ಬಂದೆ… ಒಂದು ನಿಮಿಷ ಇರಿ.”

ಅಪ್ಪ! ಮೊದಲಿಗಿಂತ ಸ್ವಚ್ಛವಾಗಿತ್ತು. ಕೊನೆಯ ಕರಕರ ಇರಲಿಲ್ಲ. “ಅದನ್ನ ಕ್ಲೀನ್ ಮಾಡೀನ್ರಿ,” ಎಂದ ಮೇಲಿನಿಂದ. ಅವಳು ಒತ್ತಿದಳು, ಮತ್ತೆ ಒತ್ತಿದಳು, ಹತ್ತು ಸಲ ಒತ್ತಿದಳು. ಜಾನಕಮ್ಮ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. “ಸರಿಯಾಯ್ತಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸಂಜೆ ಅಡ್ಯಾರ್ ಬಸ್ ಡಿಪೋ ತನಕ ಇಬ್ಬರೂ ನಡೆದರು. ಅವನು ಎರಡು ಬಸ್ಸು ಹತ್ತದೆ ಬಿಟ್ಟ. ಮೂರನೆಯದು ಬರುವುದು ಕಂಡಾಗ ಸುಮೇಧಾ ಹೇಳಿಬಿಟ್ಟಳು.

“ನೀವು ಇಲ್ದಿದ್ರೆ ನಾನು ಇವತ್ತು ಅಪ್ಪನ್ನ ಎರಡನೇ ಸಲ ಕಳ್ಕೊಂಡಿರ್ತಿದ್ದೆ. ನಂಗೆ ನೀವು ಬೇಕು. ಭಾನುವಾರ ಮಾತ್ರ ಅಲ್ಲ.”

ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. “ನಾ ನಿಮಗ ತಕ್ಕವ ಅಲ್ರಿ,” ಎಂದ. ಅದನ್ನು ನಾಚಿಕೆ ಅಂದುಕೊಂಡು ಅವಳು ನಕ್ಕಳು. ಮೂರನೆಯ ಬಸ್ಸೂ ಹೋಯಿತು.

ಮುಂದಿನ ಮೂರು ವಾರ ಸುಮೇಧಾಳದೇ ರಾಜ್ಯ. ಜಾನಕಮ್ಮ, “ಜಾತಿ ಗೀತಿ ಎಲ್ಲ ನಿಮ್ಮಪ್ಪ ಇದ್ದಿದ್ರೂ ಕೇಳ್ತಿರ್ಲಿಲ್ಲ, ನಾನ್ಯಾಕೆ ಕೇಳ್ಲಿ” ಅಂದರು. ಗದಗಿನಿಂದ ಅವನ ತಾಯಿ ಗಿರಿಜಾದೇವಿ ಫೋನು ಮಾಡಿ, “ಜೂನ್ ಒಳಗ ಬಂದು ಹುಡುಗಿ ಕೈಗೆ ಬಳಿ ಇಡ್ಸತೀನವಾ” ಅಂದರು. ಸುಮೇಧಾ ಶಾಲೆಯಿಂದ ಬಂದಾಗಲೆಲ್ಲ ಬೆಲ್ಲು ಒತ್ತಿ, “ಬೇಗ ತೆಗೀರಿ ಅಪ್ಪಾ, ವಿಷಯ ಇದೆ” ಅನ್ನುತ್ತಿದ್ದಳು. ದಿನಕ್ಕೆ ಐದು ಸಲವಾದರೂ ಒತ್ತುತ್ತಿದ್ದಳು.

ಮೇ ತಿಂಗಳ ಕತ್ತರಿ ಬಿಸಿಲು ಶುರುವಾದ ವಾರದಲ್ಲಿ ಒಂದು ದಿನ ಅಮ್ಮ ಮಗಳು ದೇವಸ್ಥಾನದಿಂದ ಒಟ್ಟಿಗೆ ಬಂದರು. ಜಾನಕಮ್ಮ ನೇರವಾಗಿ ಬೀಗದ ಕೈ ತೆಗೆದರು.

“ಯಾಕಮ್ಮ, ಬೆಲ್ ಒತ್ತಲ್ವಾ?”

“ಕಾಲು ಸುಡ್ತಿದೆ ಕಣೆ. ಸೀಕ್ರಂ ಒಳಗೆ ಹೋಗೋಣ.”

ಸುಮೇಧಾ ಲೆಕ್ಕ ಹಾಕಿ ನೋಡಿದಳು. ಆ ಚಿಪ್ಪು ವಾಪಸ್ಸು ಬಂದಮೇಲೆ ಅಮ್ಮ ಒಂದು ಸಲವೂ ಬೆಲ್ಲು ಒತ್ತಿದ್ದನ್ನು ಅವಳು ಕಂಡಿರಲಿಲ್ಲ.

“ನಿಜ ಹೇಳಮ್ಮ.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಬಿಡು.”

“ಅಮ್ಮಾ!”

ಜಾನಕಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡರು. “ಅದು ನಿಮ್ಮಪ್ಪ ಅಲ್ಲ ಕಣೇ ಸುಮೀ. ಆ ಹುಡುಗನದ್ದು. ಚೆನ್ನಾಗೇ ಮಾಡಿದಾನೆ ಪಾಪ. ಆದ್ರೆ ಕೊನೇಲಿ ನಾನಿಲ್ಲ.”

“ನೀನಾ?”

“ನಿಮ್ಮಪ್ಪ ಅದನ್ನ ರೆಕಾರ್ಡ್ ಮಾಡ್ವಾಗ ನಾನು ಪಕ್ಕದಲ್ಲೇ ಇದ್ದೆ. ಖಾಲಿ ರೂಮಲ್ಲಿ ನಿಂತ್ಕೊಂಡು ಬಂದೆ ಬಂದೆ ಅಂತಿದಾರಲ್ಲ ಅಂತ ನಕ್ಕುಬಿಟ್ಟೆ. ಅಷ್ಟೊತ್ತಿಗೆ ಎಂಟು ಸೆಕೆಂಡ್ ಆಗೋಯ್ತು. ನಗು ಅರ್ಧಕ್ಕೇ ಕಟ್ಟಾಯ್ತು. ಮತ್ತೆ ಮಾಡ್ರೀ ಅಂದ್ರೆ ಒಪ್ಪಲಿಲ್ಲ ಅವರು. ಇರ್ಲಿ ಕಣೆ, ಚೆನ್ನಾಗಿದೆ ಅಂದ್ರು.”

ಮೂವತ್ತು ವರ್ಷ ಆ ಮನೆಯಲ್ಲಿ ಬೆಳೆದ ಸುಮೇಧಾ ಅಮ್ಮನ ನಗುವನ್ನು ಚಿಪ್ಪಿನ ಕರಕರ ಅಂದುಕೊಂಡಿದ್ದಳು.

“ಮೊದಲ ದಿನಾನೇ ಗೊತ್ತಾಯ್ತಾ ನಿನಗೆ?”

“ಹ್ಞೂಂ.”

“ಮತ್ಯಾಕೆ ಸುಮ್ಮನಿದ್ದೆ?”

“ನೀನು ನಗ್ತಿದ್ದೆ,” ಎಂದರು ಜಾನಕಮ್ಮ. “ಹೋದ ಮನುಷ್ಯರಂತೂ ಹೋದ್ರು. ನೀನಾದ್ರೂ ಇರು ಅಂತ. ಆ ಹುಡುಗ ಕೆಟ್ಟವನಲ್ಲ ಸುಮೀ. ಭಯ ಬಿದ್ದು ಸುಳ್ಳು ಹೇಳಿದಾನೆ. ಬಿಟ್ಬಿಡು.”

ಸುಮೇಧಾ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಬೆಲ್ಲು ಒತ್ತಲಿಲ್ಲ. ಕಣ್ಣು ಮುಚ್ಚಿ ಅಪ್ಪನನ್ನು ನೆನೆಸಿಕೊಂಡಳು. ಬಿಳಿ ಪಂಚೆ ಬಂತು, ದಪ್ಪ ಕನ್ನಡಕ ಬಂತು, ಸ್ಲೇಟು ಬಂತು. ಅಪ್ಪ ಬಾಯಿ ತೆರೆದರು. ಬಂದ ಧ್ವನಿ ಶಿವರಂಜನನದು.

ಮತ್ತೆ ಪ್ರಯತ್ನಿಸಿದಳು. ಸಣ್ಣವಳಿದ್ದಾಗ ಅಪ್ಪ ‘ಸುಮೀ’ ಎಂದು ಕರೆಯುತ್ತಿದ್ದುದನ್ನು, ಶಾಲೆಯ ಗೇಟಿನಲ್ಲಿ ಬೈದದ್ದನ್ನು, ಸೈಕಲ್ ಕಲಿಸುವಾಗ ಕೂಗಿದ್ದನ್ನು ಒಂದೊಂದಾಗಿ ಹುಡುಕಿದಳು. ಎಲ್ಲ ಕಡೆಯೂ ಅವನೇ ಮಾತಾಡುತ್ತಿದ್ದ. 

ಅವನಿಗೆ ಮೆಸೇಜು ಹಾಕಿದಳು. ‘ನಾಳೆ ಬೆಳಿಗ್ಗೆ ಏಳಕ್ಕೆ ಕೋಯಂಬೇಡು ಮಾರ್ಕೆಟ್. ಬಾಳೆಕಾಯಿ ಸಾಲಿನ ಹತ್ತಿರ.’

ಬೆಳಿಗ್ಗೆ ಏಳಕ್ಕೆ ಕೋಯಂಬೇಡಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಲಾರಿಗಳ ಹಾರನ್ನು, ಹರಾಜಿನ ಕೂಗು, ತಲೆ ಮೇಲೆ ಗೊನೆ ಹೊತ್ತವರು “ವಳಿ! ವಳಿ!” ಅಂತ ದಾರಿ ಕೇಳುತ್ತ ನುಗ್ಗುವುದು. ಅವನು ಆಗಲೇ ಬಂದು ನಿಂತಿದ್ದ. ಅವಳ ಮುಖ ಕಂಡೊಡನೆ ಅವನಿಗೆ ಅರ್ಥವಾಯಿತು.

“ಗೊತ್ತಾತೇನ್ರಿ?”

“ಗೊತ್ತಾಯ್ತು.”

“ಇಲ್ಲಿಗ್ಯಾಕ ಕರದ್ರಿ? ಮನಿಗೆ ಬರ್ತಿದ್ನೆಲ್ಲ. ಅವ್ವಾರ ಕಾಲು ಹಿಡೀತಿದ್ದೆ.”

“ಇಲ್ಲಿ ನಿಮ್ಮ ಧ್ವನಿ ಅರ್ಧ ಮಾತ್ರ ಕೇಳತ್ತೆ. ಅದಕ್ಕೆ.”

ಅವನಿಗೆ ಅದು ತಿಳಿಯಲಿಲ್ಲ. ಒಂದೇ ಉಸಿರಿಗೆ ಹೇಳತೊಡಗಿದ. “ನಿಮ್ಮ ಮುಖ ನೋಡಾಕ ಆಗ್ಲಿಲ್ರಿ ಅವತ್ತು. ಬಾಯಾಗ ತಾನ ಬಂದುಬಿಡ್ತು, ಬ್ಯಾಕಪ್ ಐತಿ ಅಂತ. ಅಂದಮ್ಯಾಲ ಹಿಂದಕ್ಕ ಹೋಗಾಕ ದಾರೀನ ಇರ್ಲಿಲ್ಲ. ವರ್ಕ್‌ಶಾಪಿನ ಸ್ಟೋರ್ ರೂಮಿನ್ಯಾಗ ಕುಂತು ನಲವತ್ತು ಸಲ ರೆಕಾರ್ಡ್ ಮಾಡೀನಿ. ಬಸ್ ಸ್ಟ್ಯಾಂಡಿನ್ಯಾಗ ಹೇಳಬೇಕಂತ ಮಾಡಿದ್ದೆ. ನೀವು ‘ಬೇಕು’ ಅಂದ್ರಿ. ನಾ ಆಸಿಗೆ ಬಿದ್ದೆ. ತಪ್ಪಾತ್ರಿ, ಸುಮೇಧಾ. ಏನ್ ಶಿಕ್ಷಾ ಕೊಟ್ರೂ ಆತು.”

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅದೂ ಇಲ್ಲಿ, ಇಂಥ ಗದ್ದಲದಲ್ಲಿ.

“ಅಳಿಸಿದ್ದಕ್ಕೆ ನಂಗೆ ಕೋಪ ಇಲ್ಲ,” ಎಂದಳು. ಅವಳೂ ಕೂಗಿಯೇ ಹೇಳಬೇಕಾಗಿತ್ತು. ಅಂಥ ಮಾತನ್ನು ಕೂಗಿ ಹೇಳುವ ಸಂಕಟ ಶತ್ರುವಿಗೂ ಬೇಡ. “ಅರ್ಧ ತಪ್ಪು ನಂದೇ. ಸುಳ್ಳು ಹೇಳಿದ್ದಕ್ಕೂ ಇವತ್ತಲ್ಲ ನಾಳೆ ಕೋಪ ಹೋಗ್ತಿತ್ತು. ಆದ್ರೆ ಚಿಪ್ ಖಾಲಿ ಇದ್ದಿದ್ರೆ ಅಪ್ಪನ ಧ್ವನಿ ನನ್ನ ತಲೇಲಾದ್ರೂ ಇರ್ತಿತ್ತು. ನೀವು ಖಾಲಿ ಬಿಡ್ಲಿಲ್ಲ. ಅದರ ಮೇಲೆ ಬರೆದ್ರಿ. ನಾನು ದಿನಾ ಒತ್ತಿ ಒತ್ತಿ ಕೇಳ್ದೆ. ಈಗ ಅಪ್ಪ ಅಂತ ನೆನೆಸ್ಕೊಂಡ್ರೆ ನೀವು ಮಾತಾಡ್ತೀರಿ.”

ಅವನು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

“ಮಾತಾಡ್ಬೇಡಿ. ದಯವಿಟ್ಟು. ಒಂದೊಂದು ಮಾತಿಗೂ ಅವರು ಇನ್ನೊಂದಿಷ್ಟು ದೂರ ಹೋಗ್ತಾರೆ.” ಈಗ ಅವಳ ಕೆನ್ನೆ ಒದ್ದೆಯಾಗಿತ್ತು. ಗೊನೆ ಹೊತ್ತವನೊಬ್ಬ ಇಬ್ಬರ ನಡುವೆ ತೂರಿ ಹೋದ. “ನಿಮ್ಮನ್ನ ಪ್ರೀತಿಸ್ತೀನಿ. ಇವತ್ತೂ. ಈ ಕ್ಷಣಾನೂ. ನಿಮ್ಮ ಜೊತೆ ಒಂದು ಜನ್ಮ ಇರಬಹುದು ಅಂತ ಇದ್ದೆ. ಆದ್ರೆ ಜನ್ಮ ಪೂರ್ತಿ ನೀವು ಮಾತಾಡದೇ ಇರಕ್ಕಾಗತ್ತಾ? ನಾನು ಕೇಳದೇ ಇರಕ್ಕಾಗತ್ತಾ?”

ಶಿವರಂಜನ್ ಜೇಬಿನಿಂದ ಫೋನು ತೆಗೆದು ಏನೋ ಬರೆದು ಅವಳ ಮುಂದೆ ಹಿಡಿದ. ‘ಕಾಯ್ತೀನಿ. ಎಷ್ಟು ವರ್ಷ ಆದ್ರೂ.’

ಅವಳು ಓದಿದಳು. “ಕಾದು ಏನ್ಮಾಡ್ತೀರಿ? ಅಪ್ಪ ನನ್ನ ತಲೆಗೆ ವಾಪಸ್ ಬಂದ್ರು ಅಂತಾನೇ ಇಟ್ಕೊಳ್ಳಿ. ನೀವು ಬಂದು ಹೇಗಿದೀರಿ ಅಂತ ಒಂದು ಮಾತು ಕೇಳಿದ್ರೆ ಸಾಕು, ಮತ್ತೆ ಹೋಗ್ಬಿಡ್ತಾರೆ.”

ಅವನು ಫೋನನ್ನು ಜೇಬಿಗಿಟ್ಟ. ಬಹಳ ಹೊತ್ತು ಅವಳನ್ನೇ ನೋಡಿದ. ಈ ಸಲ ಸುತ್ತಿ ಬರಲಿಲ್ಲ, ನೆಟ್ಟಗೆ ಕಣ್ಣನ್ನೇ ನೋಡಿದ.

ಗದಗಿನಲ್ಲಾಗಲಿ ಅಡ್ಯಾರಿನಲ್ಲಾಗಲಿ, ಕನ್ನಡದವರ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅಂದು ಹೊರಡುವುದಿಲ್ಲ. ಮೂಲೆಯಂಗಡಿಗೆ ಉಪ್ಪು ತರಲು ಹೋಗುವವನೂ ‘ಹೋಗಿ ಬರ್ತೀನಿ’ ಅನ್ನಬೇಕು. ಬರೀ ‘ಹೋಗ್ತೀನಿ’ ಅಂದರೆ ಹಿರಿಯರು ಬಿಡ್ತು ಅನ್ನಿಸದೆ ಬಿಡುವುದಿಲ್ಲ.

ಶಿವರಂಜನ್ ಒಂದು ಹೆಜ್ಜೆ ಹಿಂದೆ ಸರಿದ. ಗಂಟಲಿನಿಂದ ಸದ್ದು ಹೊರಡದ ಹಾಗೆ, ತುಟಿ ಮಾತ್ರ ಅಲುಗಿಸಿ, ಅವಳಿಗೆ ಓದಲು ಬರುವಷ್ಟು ನಿಧಾನವಾಗಿ ಹೇಳಿದ.

ಹೋಗ್ತೀನಿ.

ಸುಮೇಧಾ ಆ ತುಟಿಗಳನ್ನು ಇನ್ನೂ ನೋಡುತ್ತಲೇ ನಿಂತಳು. ಅವನು ಅಷ್ಟಕ್ಕೇ ನಿಲ್ಲಿಸಿದ್ದ.